ಪಹಣಿಯಲ್ಲಿ ಸ್ಮಶಾನ ಇದೆ, ಹೋಗೋಕೆ ದಾರಿ ಎಲ್ಲಿದೆ?

ಊರಲ್ಲಿ ಯಾರಾದ್ರೂ ತೀರಿಕೊಂಡ್ರೆ ಮೊದಲು ಏಳೋ ಪ್ರಶ್ನೆ, ಎಲ್ಲಿ ಮಣ್ಣು ಮಾಡೋದು ಅನ್ನೋದು. ಜಮೀನು ಇರೋರು ಹೊಲದ ಬದುವಿನ ಪಕ್ಕದಲ್ಲೇ ಗುಂಡಿ ತೋಡ್ತಾರೆ. ತುಂಡು ಭೂಮಿಯೂ ಇಲ್ಲದ ಕೂಲಿ ಕುಟುಂಬಗಳು, ಅದರಲ್ಲೂ ದಲಿತ ಕುಟುಂಬಗಳು, ಹಳ್ಳದ ದಂಡೆ, ಕೆರೆ ಅಂಗಳ, ರಸ್ತೆ ಬದಿ ಹುಡುಕಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದ್ರೆ ಅದೂ ಇಲ್ಲ.

ಕೋರ್ಟ್ ಹೇಳಿ ವರ್ಷಗಳಾದವು

ಸ್ಮಶಾನ ಇಲ್ಲದ ಹಳ್ಳಿಗಳಿಗೆ ಆರು ವಾರದೊಳಗೆ ಜಾಗ ಕೊಡಿ ಎಂದು ಹೈಕೋರ್ಟ್ 2019ರಲ್ಲೇ ರಾಜ್ಯ ಸರ್ಕಾರಕ್ಕೆ ಆದೇಶಿಸಿತ್ತು. ಪಾಲನೆ ಆಗಿಲ್ಲ ಅಂತ ನ್ಯಾಯಾಂಗ ನಿಂದನೆ ಅರ್ಜಿಯೂ ಬಂತು. ಕಾನೂನಿನಲ್ಲಿ ದಾರಿ ಇಲ್ಲ ಅಂತೇನಿಲ್ಲ. 1964ರ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬಹುದು. ಸರ್ಕಾರಿ ಜಾಗ ಸಿಗದ ಕಡೆ ಖಾಸಗಿ ಜಮೀನು ಖರೀದಿಸೋಕೂ ಅವಕಾಶ ಇದೆ.

ತೊಡಕು ಇರೋದು ಕೆಲಸ ಹಂಚಿಹೋಗಿರೋದರಲ್ಲಿ. ಜಾಗ ಕೊಡೋದು, ಅಳತೆ ಮಾಡೋದು, ಒತ್ತುವರಿ ಬಿಡಿಸೋದು ಕಂದಾಯ ಇಲಾಖೆ. ಬೇಲಿ, ನೀರು, ನಿರ್ವಹಣೆ ಗ್ರಾಮ ಪಂಚಾಯಿತಿ. ಪಟ್ಟಣದಲ್ಲಾದ್ರೆ ಪುರಸಭೆ ಇಲ್ಲವೇ ಪಟ್ಟಣ ಪಂಚಾಯಿತಿ. ಕೇಳೋಕೆ ಹೋದವರು ಈ ಕಚೇರಿಯಿಂದ ಆ ಕಚೇರಿಗೆ ಅಲೀತಾರೆ. ಪಹಣಿಯಲ್ಲಿ 'ಸ್ಮಶಾನ' ಅಂತ ಬರೆದಿದ್ದರೂ ಸ್ಥಳದಲ್ಲಿ ಪಕ್ಕದವರ ಬೆಳೆ ನಿಂತಿರುತ್ತೆ. ಜಾಗ ಉಳಿದಿದ್ದರೂ ಹೆಣ ಹೊತ್ತು ಹೋಗೋ ದಾರಿ ಬೇರೆಯವರ ಹೊಲದೊಳಗೆ ಹಾದಿರುತ್ತೆ. ಬಿತ್ತನೆ ಆದ ಮೇಲೆ ಜಗಳ ಶುರು.

ಹೂತಿದ್ದು ಯಾರು ಬರೀತಾರೆ?

ಇನ್ನೊಂದು ತಲೆನೋವು ದಾಖಲೆಯದ್ದು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸ್ಮಶಾನ ನೋಡಿಕೊಳ್ಳೋರೂ ಸಾವಿನ ಮಾಹಿತಿಯನ್ನು ನೋಂದಣಾಧಿಕಾರಿಗೆ ಕೊಡಬೇಕು. ಆದ್ರೆ ಹಳ್ಳಿ ಸ್ಮಶಾನಕ್ಕೆ ಕಾವಲುಗಾರನೂ ಇರಲ್ಲ, ರಿಜಿಸ್ಟರೂ ಇರಲ್ಲ. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯವರೇ ವರದಿ ಮಾಡಬೇಕು. ಮನೆಯಲ್ಲಿ ಸತ್ತರೆ ಮನೆಯ ಯಜಮಾನರೇ ಹೋಗಿ ಹೇಳಬೇಕು. ಕಾರ್ಯದ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತೆ.

21 ದಿನದೊಳಗೆ ತಿಳಿಸಿದ್ರೆ ಖರ್ಚಿಲ್ಲ. 30 ದಿನದೊಳಗೆ ವಿಳಂಬ ಶುಲ್ಕ. ಒಂದು ವರ್ಷದೊಳಗಾದ್ರೆ ಅಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದ್ರೆ ದಂಡಾಧಿಕಾರಿಯ ಆದೇಶವೇ ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ.

ಮರಣ ಪ್ರಮಾಣಪತ್ರ ಇಲ್ಲದಿದ್ರೆ ಪೌತಿ ಖಾತೆ ನಿಲ್ಲುತ್ತೆ, ವಿಮೆ ಹಣ ಬರಲ್ಲ, ವಿಧವಾ ವೇತನದ ಅರ್ಜಿ ವಾಪಸ್ ಬರುತ್ತೆ. ಅಂಗಡಿ ತಂದೆ ಹೆಸರಲ್ಲಿದ್ರೆ ಲೈಸೆನ್ಸ್, ಬ್ಯಾಂಕ್ ಖಾತೆ ಎರಡೂ ಮಗನ ಕೈಗೆ ಬರೋದು ಕಷ್ಟ. ಹತ್ತು ವರ್ಷದ ಹಿಂದಿನ ಸಾವಿಗೆ ಈಗ ಸಾಕ್ಷಿ ಹುಡುಕೋರು, ಅವತ್ತು ಒಂದು ಗಂಟೆ ಬಿಡುವು ಮಾಡಿಕೊಂಡಿದ್ರೆ ಸಾಕಿತ್ತು.

ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಊರಿನ ಸ್ಮಶಾನದ ಸರ್ವೆ ನಂಬರ್ ಎಷ್ಟು, ವಿಸ್ತೀರ್ಣ ಎಷ್ಟು, ಹದ್ದುಬಸ್ತು ಆಗಿದೆಯಾ, ನಕ್ಷೆಯಲ್ಲಿ ದಾರಿ ಇದೆಯಾ, ಎಲ್ಲ ಜಾತಿಯವರಿಗೂ ಅಲ್ಲಿ ಜಾಗ ಉಂಟಾ? ಈ ಐದು ಪ್ರಶ್ನೆಗೆ ಉತ್ತರ ಬರೆಸಿ, ಠರಾವು ಮಾಡಿ ತಹಶೀಲ್ದಾರರಿಗೆ ಕಳಿಸಬಹುದು. ಸರ್ಕಾರಿ ಜಾಗ ಒತ್ತುವರಿ ಮಾಡೋದು ಭೂ ಕಂದಾಯ ಕಾಯ್ದೆಯ 192ಎ ಪ್ರಕಾರ ಅಪರಾಧ ಅನ್ನೋದನ್ನೂ ಅರ್ಜಿಯಲ್ಲಿ ಬರೀಬಹುದು. ಪಂಚಾಯಿತಿ ಇನ್ನೊಂದು ಕೆಲಸ ಮಾಡಬಹುದು: ಯಾರನ್ನು, ಯಾವತ್ತು, ಎಲ್ಲಿ ಮಣ್ಣು ಮಾಡಿದ್ರು ಅಂತ ಬರೆಯೋ ಒಂದು ಪುಸ್ತಕ ಇಡೋದು. ಇದಕ್ಕೆ ಅನುದಾನಕ್ಕೆ ಕಾಯೋದು ಬೇಕಿಲ್ಲ.

ಹೆಣ ಮನೆ ಮುಂದೆ ಇದ್ದಾಗ ಈ ಮಾತೆಲ್ಲ ಎತ್ತೋಕಾಗಲ್ಲ. ಎತ್ತಬೇಕಾದ್ದು ಅದಕ್ಕಿಂತ ಮುಂಚೆ.