ನಿನ್ನ ಷಡ್ಜ ಯಾವ್ದು?

ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಮ್ಮ ಬ್ಯಾಂಡ್ ವೇದಿಕೆ ಹತ್ತಲು ಅರ್ಧ ಗಂಟೆಯಷ್ಟೇ ಉಳಿದಿತ್ತು. ಗಾಯಕಿಗೆ ನೆಗಡಿ. ‘ಇ ಮೈನರ್ ಬೇಡ, ಡಿ ಮೈನರ್‌ನಲ್ಲಿ ಹಾಡ್ತೀನಿ’ ಎಂದಳು. ಕೀಬೋರ್ಡಿನವನು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸುಮ್ಮನಾದ. ಬೆವತದ್ದು ಲೀಡ್ ನುಡಿಸಬೇಕಿದ್ದ ನಾನೊಬ್ಬನೇ. ಮೂರು ತಿಂಗಳು ಟ್ಯಾಬ್ ನೋಡಿ ಬಾಯಿಪಾಠ ಮಾಡಿದ್ದ ಸೋಲೊ ಅದು, ಹೆಜ್ಜೆಹೆಜ್ಜೆಗೂ ಖಾಲಿ ತಂತಿಗಳನ್ನೇ ನಂಬಿಕೊಂಡಿತ್ತು. ಕ್ಯಾಪೊ ಹಾಕಬಹುದಿತ್ತಲ್ಲ ಎನ್ನುತ್ತೀರೇನೋ. ಕ್ಯಾಪೊ ಸ್ವರವನ್ನು ಏರಿಸುತ್ತದೆ, ಇಳಿಸುವುದಿಲ್ಲ. ಆರೂ ತಂತಿ ಸಡಿಲಿಸಿದರೆ ಉಳಿದ ಹಾಡುಗಳ ಗತಿ? ಕೊನೆಗೆ ನನ್ನ ಸೋಲೊ ಜಾಗವನ್ನು ಕೀಬೋರ್ಡ್ ತುಂಬಿತು. ನಾನು ಹಿಂದೆ ನಿಂತು ಕಾರ್ಡ್ ಬಾರಿಸಿದೆ.

ಆ ಭಾನುವಾರ ಕುಮಟಾದ ಮನೆಗೆ ಹೋದಾಗ ಪಕ್ಕದ ಮನೆಯ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಅವರು ತಾಳಮದ್ದಳೆಗೆ ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಯುವವರು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ತಮಾ, ನಿನ್ನ ಷಡ್ಜ ಯಾವ್ದು?’

ನನಗೆ ಗೊತ್ತಿರಲಿಲ್ಲ. ಹನ್ನೆರಡನೇ ಫ್ರೆಟ್, ಹದಿನೈದನೇ ಫ್ರೆಟ್ ಎಂಬ ಅಂಕಿಗಳು ಗೊತ್ತಿದ್ದವು, ಅಷ್ಟೇ.

ಇಡಗುಂಜಿ, ಗುಣವಂತೆ, ಕರ್ಕಿ ಎಂದರೆ ಯಕ್ಷಗಾನ ನೆನಪಾಗುವ ಸೀಮೆ ನಮ್ಮದು. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಇಲ್ಲಿ ಭಾಗವತರು ‘ಇವತ್ತು ಬಿಳಿ ಎರಡು’ ಎಂದರೆ ಮದ್ದಳೆಯವರು ಅದೇ ಶ್ರುತಿಗೆ ಹೊಂದುವ ಮದ್ದಳೆ ಎತ್ತಿಕೊಳ್ಳುತ್ತಾರೆ. ಷಡ್ಜ ಜಾಗ ಬದಲಿಸುತ್ತದೆ, ಅದರೊಂದಿಗೆ ಉಳಿದ ಸ್ವರಗಳೂ ಹೊರಡುತ್ತವೆ ಎಂಬುದು ಚಿಕ್ಕಂದಿನಿಂದ ಆಟ ನೋಡಿದವರಿಗೆಲ್ಲ ಗೊತ್ತು. ಗಿಟಾರ್ ಕೈಗೆ ಬಂದೊಡನೆ ನಾನು ಅದನ್ನು ಮರೆತಿದ್ದೆ. ಥಿಯರಿ ಎಂದರೆ ಇಂಗ್ಲಿಷ್ ಪುಸ್ತಕದ ಭೂತ ಎಂದುಕೊಂಡಿದ್ದೆ.

ಅಜ್ಜ ಹಾರ್ಮೋನಿಯಂ ತೆಗೆದರು. ನಾನು ದಿನವೂ ಉಜ್ಜುತ್ತಿದ್ದ ಇ ಮೈನರ್ ಪೆಂಟಾಟಾನಿಕ್‌ನ ಐದು ಸ್ವರಗಳು ಇ, ಜಿ, ಎ, ಬಿ, ಡಿ. ಅದೇ ಐದನ್ನು ಜಿ ಷಡ್ಜವಾಗಿಸಿ ನುಡಿಸಿದರು, ಮೋಹನ ರಾಗ! ಮತ್ತೆ ಮೋಹನದ ದೈವತವನ್ನೇ, ಅಂದರೆ ನನ್ನ ಇ ಅನ್ನೇ, ಷಡ್ಜವಾಗಿಸಿದರು. ಶುದ್ಧ ಧನ್ಯಾಸಿ. ಇದಕ್ಕೆ ಗ್ರಹಭೇದ ಎನ್ನುತ್ತಾರಂತೆ. ರಾಕ್ ಸೋಲೊಗಳ ಬೆನ್ನೆಲುಬಾದ ಸ್ಕೇಲ್ ನಮ್ಮ ಅಂಗಳದಲ್ಲೇ ಬಿದ್ದಿತ್ತು.

ಉಳಿದದ್ದನ್ನು ಬಿ.ಇ. ಲೆಕ್ಕವೇ ಹೇಳಿಕೊಟ್ಟಿತು. ಒಂದೊಂದು ಫ್ರೆಟ್ ಏರಿದಾಗಲೂ ಆವರ್ತನ ಸುಮಾರು 1.0595 ಪಟ್ಟು ಹೆಚ್ಚುತ್ತದೆ. ಹನ್ನೆರಡು ಸಲ ಏರಿದರೆ ಸರಿಯಾಗಿ ಎರಡು ಪಟ್ಟು. 110 ಹರ್ಟ್ಜ್‌ನ ಎ ತಂತಿ ಹನ್ನೆರಡನೇ ಫ್ರೆಟ್‌ನಲ್ಲಿ 220. ತಂತಿಯಿಂದ ತಂತಿಗೆ ಐದು ಫ್ರೆಟ್ ಅಂತರ. ಮೂರನೇ ಮತ್ತು ಎರಡನೇ ತಂತಿಯ ನಡುವೆ ಮಾತ್ರ ನಾಲ್ಕು. ಅಲ್ಲಿ ಬೆರಳಿನ ಆಕಾರ ಯಾಕೆ ಒಂದು ಫ್ರೆಟ್ ಜರುಗುತ್ತದೆ ಎಂದು ಎರಡು ವರ್ಷ ನಾನು ಕೇಳಿಯೇ ಇರಲಿಲ್ಲ, ಸುಮ್ಮನೆ ಜರುಗಿಸುತ್ತಿದ್ದೆ.

‘ಥಿಯರಿ ಕಲಿತರೆ ಫೀಲ್ ಹೋಗುತ್ತೆ, ಜಿಮಿ ಹೆಂಡ್ರಿಕ್ಸ್‌ಗೆ ನೊಟೇಶನ್ ಓದೋಕೆ ಬರ್ತಿರಲಿಲ್ಲ’ ಎಂದು ಹಾಸ್ಟೆಲ್‌ನಲ್ಲಿ ವಾದ ನಡೆಯುತ್ತದೆ. ನಿಜ, ಬರುತ್ತಿರಲಿಲ್ಲ. ಆದರೆ ನೊಟೇಶನ್ ಓದುವುದು ಬೇರೆ, ಯಾವ ಸ್ವರ ಎಲ್ಲಿದೆ ಎಂದು ಕಿವಿಗೆ ಗೊತ್ತಿರುವುದು ಬೇರೆ. ನೊಟೇಶನ್ ಬರೆಯದ ಭಾಗವತರೂ ರಾಗ ತಪ್ಪುವುದಿಲ್ಲ. ಇನ್ನು ಫೀಲ್ ವಿಷಯ: ಆ ಸಂಜೆ ನನ್ನಲ್ಲಿ ಫೀಲ್ ಬೇಕಾದಷ್ಟಿತ್ತು, ನುಡಿಸಲು ಒಂದು ಸ್ವರ ಇರಲಿಲ್ಲ. ಓದಿನ ಜತೆ ಇದಕ್ಕೆಲ್ಲ ಸಮಯ ಎಲ್ಲಿ ಎನ್ನುವವರಿಗೆ ಗಿಟಾರ್ ಪ್ರಸನ್ನ ಅವರ ಹೆಸರು ಹೇಳುತ್ತೇನೆ. ಐಐಟಿ ಮದ್ರಾಸ್‌ನಲ್ಲಿ ಹಡಗು ನಿರ್ಮಾಣದ ಎಂಜಿನಿಯರಿಂಗ್ ಓದಿ, ಬರ್ಕ್ಲಿಯಲ್ಲಿ ಸಂಗೀತ ಕಲಿತು, ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಿದವರು ಅವರು.

ನಾನು ಅಷ್ಟು ದೂರದವನಲ್ಲ. ಊರಿಗೆ ಹೋಗಿಬರುವಾಗ ಭಟ್ಕಳ–ಕುಮಟಾ ಬಸ್ಸೇ ನನ್ನ ಥಿಯರಿ ಕ್ಲಾಸು. ಗಿಟಾರ್ ಬೇಕಿಲ್ಲ, ಕಿವಿಯಲ್ಲಿ ಶ್ರುತಿ ಆ್ಯಪ್, ಬಾಯಲ್ಲಿ ಮೆಲ್ಲಗೆ ಸ ಗ ಮ ಪ ನಿ. ಹೊನ್ನಾವರದ ಶರಾವತಿ ಸೇತುವೆ ಬರುವಷ್ಟರಲ್ಲಿ ಮೂರು ಶ್ರುತಿ ಮುಗಿದಿರುತ್ತವೆ. ಪಕ್ಕದ ಸೀಟಿನವರು ಒಮ್ಮೆ ವಿಚಿತ್ರವಾಗಿ ನೋಡಿ ನಿದ್ದೆ ಹೋಗುತ್ತಾರೆ.

ಈ ವರ್ಷ ಗಾಯಕಿ ‘ಕಪ್ಪು ಒಂದು’ ಎಂದಿದ್ದಾಳೆ. ಐದನೇ ತಂತಿ, ನಾಲ್ಕನೇ ಫ್ರೆಟ್.