ರೋಗಿಗೆ ತಗುಲಿದ ಕಿರಣದ ಲೆಕ್ಕ ಯಾರ ಬಳಿ ಇದೆ?

ಎಕ್ಸ್‌ರೇ ಕೊಠಡಿಯಲ್ಲಿ ದುಡಿಯುವ ಸಿಬ್ಬಂದಿಯ ಎದೆಯ ಮೇಲೊಂದು ಪುಟ್ಟ ಬ್ಯಾಡ್ಜ್ ಇರುತ್ತದೆ. ಅವರಿಗೆ ತಗುಲಿದ ವಿಕಿರಣವನ್ನು ಅದು ದಾಖಲಿಸುತ್ತದೆ. ಐದು ವರ್ಷಗಳ ಸರಾಸರಿಯಲ್ಲಿ ಅದು ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದೆಂಬ ನಿಯಮವಿದೆ. ಸಾರ್ವಜನಿಕರಿಗಾದರೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಆದರೆ ಅದೇ ಕೊಠಡಿಯ ಮೇಜಿನ ಮೇಲೆ ಮಲಗಿದ ರೋಗಿಗೆ? ಯಾವ ಮಿತಿಯೂ ಇಲ್ಲ.

ಹಾಗಂತ ಇದು ಕಾನೂನಿನ ಲೋಪವಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟಾದವನಿಗೆ, ನಿನ್ನ ಮಿತಿ ಮುಗಿಯಿತು ಎಂದು ಸಿ.ಟಿ. ಸ್ಕ್ಯಾನ್ ನಿರಾಕರಿಸಲು ಸಾಧ್ಯವೇ? ಆದ್ದರಿಂದಲೇ ಅದನ್ನು ವೈದ್ಯರ ವಿವೇಚನೆಗೆ ಬಿಡಲಾಗಿದೆ. ಆದರೆ ಆ ವಿವೇಚನೆಗೂ ಒಂದು ಅಳತೆಗೋಲು ಬೇಡವೇ?

ಈ ಪ್ರಶ್ನೆ ಬ್ರಿಟನ್ನಿನಲ್ಲಿ 1980ರ ದಶಕದಲ್ಲೇ ಎದ್ದಿತು. ಅಲ್ಲಿನ ರಾಷ್ಟ್ರೀಯ ವಿಕಿರಣ ಸಂರಕ್ಷಣಾ ಮಂಡಳಿಯು ಆಸ್ಪತ್ರೆಗಳಲ್ಲಿ ಸಮೀಕ್ಷೆ ನಡೆಸಿದಾಗ, ಒಂದೇ ಬಗೆಯ ಎಕ್ಸ್‌ರೇಗೆ ಒಂದು ಆಸ್ಪತ್ರೆಗಿಂತ ಇನ್ನೊಂದು ಆಸ್ಪತ್ರೆ ಹಲವು ಪಟ್ಟು ಹೆಚ್ಚು ವಿಕಿರಣ ಬಳಸುತ್ತಿರುವುದು ಕಂಡುಬಂತು. ಕಾರಣಗಳು ತೀರಾ ಸಾಮಾನ್ಯವಾಗಿರುತ್ತವೆ: ಹಳೆಯ ಉಪಕರಣ, ತಪ್ಪಾಗಿ ಹೊಂದಿಸಿದ ಯಂತ್ರ, ಬೇಡವಾದ ಭಾಗಕ್ಕೂ ಹರಡುವ ಕಿರಣ, ಚಿತ್ರ ಕೆಟ್ಟಿತೆಂದು ಮತ್ತೆ ಮತ್ತೆ ತೆಗೆಯುವುದು.

ಹೀಗೆ ಮೂಡಿದ್ದು 'ಉಲ್ಲೇಖ ಮಟ್ಟ'ದ ಕಲ್ಪನೆ. ಒಂದು ಪರೀಕ್ಷೆಗೆ ಆಸ್ಪತ್ರೆಗಳು ಸಾಮಾನ್ಯವಾಗಿ ಬಳಸುವ ಪ್ರಮಾಣಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಬೇಕು. ಮುಕ್ಕಾಲು ಪಾಲು ಆಸ್ಪತ್ರೆಗಳು ಎಲ್ಲಿಗೆ ಮುಗಿಯುತ್ತವೋ ಅಲ್ಲೊಂದು ಗೆರೆ ಎಳೆಯಬೇಕು. ಗೆರೆಯಾಚೆಗಿನ ಕಾಲು ಪಾಲು ಆಸ್ಪತ್ರೆಗಳು, ತಮ್ಮಲ್ಲೇಕೆ ಇಷ್ಟು ಎಂದು ಪರಿಶೀಲಿಸಿಕೊಳ್ಳಬೇಕು. ಇದು ಶಿಕ್ಷೆಯಲ್ಲ. ಒಬ್ಬ ರೋಗಿಗೆ ಅನ್ವಯಿಸುವ ಮಿತಿಯೂ ಅಲ್ಲ. ಸ್ಥೂಲಕಾಯದವರಿಗೆ ಹೆಚ್ಚು ಬೇಕಾದೀತು. ಗೆರೆಯ ಕೆಳಗಿರುವುದೇ ಸಾಧನೆಯೂ ಅಲ್ಲ, ರೋಗ ಕಾಣದಷ್ಟು ಮಸುಕಾದ ಚಿತ್ರದಿಂದ ಯಾರಿಗೆ ಪ್ರಯೋಜನ? ಅಂತಾರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 1996ರಲ್ಲಿ ಇದಕ್ಕೆ ಸ್ಪಷ್ಟ ರೂಪ ಕೊಟ್ಟಿತು. 1997ರಲ್ಲಿ ಐರೋಪ್ಯ ಒಕ್ಕೂಟದ ನಿರ್ದೇಶನದಲ್ಲಿ ಅದು ಸೇರಿತು. ಬ್ರಿಟನ್ನಿನ 2005ರ ಪರಿಶೀಲನೆಯ ವೇಳೆಗೆ ಅಲ್ಲಿನ ಉಲ್ಲೇಖ ಪ್ರಮಾಣಗಳು 1980ರ ದಶಕದ ಅರ್ಧಕ್ಕಿಂತಲೂ ಕೆಳಗಿಳಿದಿದ್ದವು. ಅಳೆದು ಹೋಲಿಸುವುದಕ್ಕೆ ಅಷ್ಟು ಶಕ್ತಿಯಿದೆ.

ಎದೆಯ ಒಂದು ಎಕ್ಸ್‌ರೇಯಿಂದ ತಗುಲುವುದು ಸುಮಾರು 0.02 ಮಿಲಿಸೀವರ್ಟ್. ನಿಸರ್ಗದಿಂದಲೇ ಪ್ರತಿಯೊಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗುಲುತ್ತಿರುವಾಗ ಇದಕ್ಕೆ ಹೆದರಿ ಕ್ಷಯರೋಗದ ತಪಾಸಣೆಯಿಂದ ತಪ್ಪಿಸಿಕೊಳ್ಳುವುದು ಮೂರ್ಖತನ. ಆದರೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಅಂಥ ನೂರಾರು ಎಕ್ಸ್‌ರೇಗಳಿಗೆ ಸಮ. ವಯಸ್ಕರಿಗೆಂದು ಹೊಂದಿಸಿದ ಪ್ರಮಾಣವನ್ನೇ ಮಕ್ಕಳ ಸ್ಕ್ಯಾನಿಗೂ ಬಳಸಲಾಗುತ್ತಿದೆ ಎಂಬುದು 2001ರಲ್ಲಿ ಅಮೆರಿಕದಲ್ಲಿ ಬಹಿರಂಗವಾದಾಗ ಅಲ್ಲಿನ ಹೆತ್ತವರು ಗಾಬರಿಗೊಂಡದ್ದು ಸಹಜವೇ ಆಗಿತ್ತು.

ಡಿಜಿಟಲ್ ಯಂತ್ರಗಳು ಬಂದ ಮೇಲೆ ಇನ್ನೊಂದು ಅಪಾಯ ಸೇರಿಕೊಂಡಿದೆ. ಹಿಂದೆ ಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗಿ ತಪ್ಪು ಬಯಲಾಗುತ್ತಿತ್ತು. ಈಗ ಹೆಚ್ಚಾದಷ್ಟೂ ಚಿತ್ರ ಇನ್ನಷ್ಟು ನಿಚ್ಚಳ! ತಪ್ಪೇ ಗುಣವಾಗಿ ಕಂಡರೆ ತಿದ್ದುವವರಾರು?

ನಮ್ಮ ದೇಶದಲ್ಲಿ ಎಕ್ಸ್‌ರೇ ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ಯಂತ್ರದ ಗುಣಮಟ್ಟ ತಪಾಸಣೆಯೂ ಆಗಬೇಕು. ಆದರೆ ಯಂತ್ರ ಸರಿಯಿದ್ದ ಮಾತ್ರಕ್ಕೆ ಬಳಕೆ ಸರಿಯಿರಬೇಕೆಂದಿಲ್ಲ. ಪಟ್ಟಣಗಳಲ್ಲಿ ಟ್ರಸ್ಟ್‌ಗಳು ನಡೆಸುವ ಆಸ್ಪತ್ರೆಗಳಿಗೆ ನಮ್ಮ ದಾನಿಗಳು ಯಂತ್ರ ಕೊಡಿಸುತ್ತಾರೆ, ಗೋಡೆಯ ಮೇಲೆ ಹೆಸರಿನ ಫಲಕವೂ ಬೀಳುತ್ತದೆ. ಆ ಯಂತ್ರದಿಂದ ರೋಗಿಗಳಿಗೆ ತಗುಲಿದ ಪ್ರಮಾಣವನ್ನು ಬರೆದಿಡುತ್ತೀರಾ, ಯಾವುದಾದರೂ ಉಲ್ಲೇಖ ಮಟ್ಟದೊಂದಿಗೆ ಹೋಲಿಸಿದ್ದೀರಾ ಎಂದು ಆಡಳಿತ ಸಮಿತಿಯ ಮುಂದಿನ ಸಭೆಯಲ್ಲಿ ಆ ದಾನಿಗಳೇ ಕೇಳಬಹುದಲ್ಲವೇ?