ಕರೆಯದೆ ಹಾಡುವ ಯಂತ್ರ

ಪೀತಮ್‌ಪುರದ ವೃದ್ಧ ವಾಚಕರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ತಮ್ಮ ಲ್ಯಾಪ್‌ಟಾಪು ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿಯೇ ಸಂಗೀತ ನುಡಿಸತೊಡಗುವುದೆಂದೂ, ಪರದೆಯ ಮೇಲೆ ಮಾತ್ರ ಏನೂ ಕಾಣುವುದಿಲ್ಲವೆಂದೂ, ಇದಕ್ಕೆ ಹೆದರಿದ ಅವರ ಪತ್ನಿಯವರು ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಸೇರಿಸಿದ್ದಾರೆಂದೂ ತಿಳಿಸಿದ್ದಾರೆ. ಮಕ್ಕಳಿರುವುದು ದೂರದೇಶದಲ್ಲಿ. ವಾರಕ್ಕೊಮ್ಮೆ ಮೊಮ್ಮಗುವಿನ ಮುಖ ಕಾಣುತ್ತಿದ್ದುದು ಅದೇ ಪರದೆಯಲ್ಲಿ. ಆದುದರಿಂದ ಇದನ್ನು ನಗೆಯ ಮಾತೆಂದು ತಳ್ಳಿಹಾಕಲು ನಮಗೆ ಮನಸ್ಸೊಪ್ಪದು.

ಇದು ಭೂತಚೇಷ್ಟೆಯಲ್ಲ. 1988ರಲ್ಲಿ ನಮ್ಮ ಬಡಾವಣೆಯಲ್ಲಿ ಎದ್ದುನಿಂತ 235 ಮೀಟರ್ ಎತ್ತರದ ಟಿ.ವಿ. ಗೋಪುರದ ತರಂಗಗಳು ಯಂತ್ರದೊಳಗೆ ಹೊಕ್ಕು ಹಾಡುತ್ತಿವೆಯೆಂದು ನೆರೆಯವರು ಹೇಳಿದರಂತೆ. ಅದೂ ಅಲ್ಲ. ಯಂತ್ರದ ಸದ್ದಿಗೆ ಯಂತ್ರದಲ್ಲಿಯೇ ಕಾರಣವುಂಟೆಂಬುದನ್ನು ಹೋಟೆಲು ನಡೆಸಿದವರಿಗೆ ಯಾರೂ ಬೋಧಿಸಬೇಕಾಗಿಲ್ಲ; ರುಬ್ಬುವ ಯಂತ್ರದ ಸ್ವರ ಬದಲಾಯಿತೆಂದರೆ ಬೆಲ್ಟು ಸಡಿಲವಾಯಿತೆಂದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ನಾವು ಅರಿಯುತ್ತಿದ್ದೆವು.

ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಇಂತಹುದೇ ಒಂದು ಪ್ರಸಂಗವಿದೆ. ಗಣಕವು ಎಚ್ಚರಗೊಳ್ಳುವಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶಕ್ಕೆ ಬಯಾಸ್ ಎಂದು ಹೆಸರು. 1997ರಿಂದೀಚೆಗೆ ಅವಾರ್ಡ್ ಸಂಸ್ಥೆಯ ಕೆಲವು ಬಯಾಸ್‌ಗಳಲ್ಲಿ ಒಂದು ವಿಚಿತ್ರ ಏರ್ಪಾಡಿತ್ತು. ಪ್ರೊಸೆಸರನ್ನು ತಂಪಾಗಿಡುವ ಫ್ಯಾನು ಕೆಡತೊಡಗಿದರೆ, ಇಲ್ಲವೆ ವೋಲ್ಟೇಜು ಮೇರೆಮೀರಿದರೆ, ಯಂತ್ರವು ಬೀಥೋವನ್ನನ ‘ಫ್ಯೂರ್ ಎಲೀಸ್’ ರಾಗವನ್ನು ನುಡಿಸುತ್ತಿತ್ತು! ದಿಗ್ಭ್ರಮೆಗೊಂಡ ಬಳಕೆದಾರರಿಗಾಗಿ ಮೈಕ್ರೋಸಾಫ್ಟ್ ಸಂಸ್ಥೆಯು ಇದು ಎಚ್ಚರಿಕೆಯ ಗಂಟೆಯೆಂಬ ವಿವರಣೆಯನ್ನೇ ಪ್ರಕಟಿಸಬೇಕಾಯಿತು. ಎಚ್ಚರಿಕೆಯನ್ನು ಇಷ್ಟು ಇಂಪಾಗಿ ಕೊಟ್ಟರೆ ಕೇಳಿದವನು ತಲೆದೂಗುವನೇ ಹೊರತು ಎಚ್ಚರಗೊಳ್ಳುವನೆ?

ಇಂದಿನ ಲ್ಯಾಪ್‌ಟಾಪಿನಲ್ಲಿ ಹಾಡುವವನು ಬೇರೆ. ಅವನನ್ನು ಹಿಡಿಯುವ ಉಪಾಯ ಹಾಡು ಕೇಳುತ್ತಿರುವಾಗಲೇ ನಡೆಯಬೇಕು. ನಿಂತ ಮೇಲೆ ಹುಡುಕಿ ಫಲವಿಲ್ಲ. ಮೊದಲು ಲ್ಯಾಪ್‌ಟಾಪಿನ ಧ್ವನಿಯನ್ನು ಪೂರ್ತಿ ಅಡಗಿಸಿ ನೋಡಬೇಕು. ಆಗಲೂ ಸಂಗೀತ ಕೇಳುತ್ತಿದ್ದರೆ ಅದು ಪಕ್ಕದಲ್ಲಿರುವ ಮೊಬೈಲಿನದು, ಇಲ್ಲವೆ ಗೋಡೆಯಾಚೆಯ ಶರ್ಮಾಜಿಯವರದು. ನಿಂತುಹೋದರೆ ಧ್ವನಿಯನ್ನು ಮತ್ತೆ ತೆರೆದು, ವಿಂಡೋಸ್ ಯಂತ್ರವಾದಲ್ಲಿ, ಪರದೆಯ ಕೆಳತುದಿಯ ಸ್ಪೀಕರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ವಾಲ್ಯೂಮ್ ಮಿಕ್ಸರ್’ ಎಂಬುದನ್ನು ತೆರೆಯಬೇಕು. ಸದ್ದು ಮಾಡುವ ತಂತ್ರಾಂಶದ ಹೆಸರು ಅಲ್ಲಿ ಕಾಣುವುದು.

ಹೆಸರು ಕ್ರೋಮ್ ಅಥವಾ ಫೈರ್‌ಫಾಕ್ಸ್ ಎಂದಿದ್ದರೆ ಗಾಬರಿಯಾಗಬೇಕಾಗಿಲ್ಲ. ತೆರೆದು ಮರೆತ ಹತ್ತಾರು ಪುಟಗಳಲ್ಲಿ ಯಾವುದೋ ಒಂದರ ಜಾಹೀರಾತು ಹಾಡುತ್ತಿರುವುದು. ಆ ಪುಟದ ತಲೆಯ ಮೇಲೆ ಸಣ್ಣ ಸ್ಪೀಕರಿನ ಗುರುತಿರುತ್ತದೆ, ಅದನ್ನು ಮುಚ್ಚಿದರೆ ಮುಗಿಯಿತು. ಕೇಳದೆ ಹಾಡುವ ಪುಟಗಳ ಬಾಯಿಗೆ 2018ರಲ್ಲಿ ಕ್ರೋಮ್, 2019ರಲ್ಲಿ ಫೈರ್‌ಫಾಕ್ಸ್ ಬೀಗ ಹಾಕಿದುವೆಂಬುದು ನಿಜ. ಆದರೆ ನಾವು ಪದೇ ಪದೇ ಹೋಗಿ ಹಾಡು, ಚಿತ್ರ ನೋಡುವ ತಾಣಗಳಿಗೆ ಕ್ರೋಮ್ ವಿನಾಯಿತಿ ನೀಡುತ್ತದೆ. ಪರಿಚಯದ ಗಿರಾಕಿಗೆ ಉದ್ರಿ ಕೊಟ್ಟಂತೆ!

ಕಂಡ ಹೆಸರು ಅಪರಿಚಿತವಾಗಿದ್ದರೆ, ಅಥವಾ ಎಲ್ಲ ಪುಟಗಳನ್ನೂ ಮುಚ್ಚಿದ ಮೇಲೂ ಹಾಡು ಮುಂದುವರಿದರೆ, ವಿಷಯ ಗಂಭೀರವಾದುದು. ಕೆಲವು ದುಷ್ಟ ತಂತ್ರಾಂಶಗಳು ಕಣ್ಣಿಗೆ ಕಾಣದ ಕಿಟಕಿಗಳಲ್ಲಿ ಜಾಹೀರಾತುಗಳನ್ನು ತೆರೆದು, ಯಾರೋ ನೋಡಿದರೆಂದು ಸುಳ್ಳು ಲೆಕ್ಕ ತೋರಿಸಿ, ಜಾಹೀರಾತುದಾರರ ಹಣವನ್ನು ತಮ್ಮ ಒಡೆಯರಿಗೆ ದೊರಕಿಸುತ್ತವೆ. ಯಂತ್ರ ನಮ್ಮದು, ವಿದ್ಯುತ್ತು ನಮ್ಮದು, ಸಂಪಾದನೆ ಕಳ್ಳನದು. ಹೊರಗೆ ಕೇಳುವ ಸಂಗೀತವು ಅವನ ಹೆಜ್ಜೆಯ ಸಪ್ಪಳ. ಇಂತಹ ರೋಗವನ್ನು ತೊಡೆಯುವ ಉಪಕರಣಗಳನ್ನು ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವು ಉಚಿತವಾಗಿಯೇ ಒದಗಿಸುತ್ತದೆ.

ನಮಗೆ ನಿಜವಾದ ಭಯವಿರುವುದು ಹಾಡಿನದಲ್ಲ, ಹಾಡಿಗೆ ಹೆದರಿದವರು ಮುಂದೆ ಮಾಡುವ ಕೆಲಸದ್ದು. ಅಂತರ್ಜಾಲದಲ್ಲಿ ಕಂಡ ಯಾವುದೋ ‘ಸಹಾಯವಾಣಿ’ಗೆ ಅವರು ಫೋನು ಮಾಡುತ್ತಾರೆ. ಮೃದುವಾಗಿ ಮಾತನಾಡುವ ‘ಇಂಜಿನಿಯರ್’ ಒಬ್ಬನು, ದೂರದಿಂದಲೇ ಯಂತ್ರವನ್ನು ಆಳುವ ತಂತ್ರಾಂಶವೊಂದನ್ನು ಹಾಕಿಸುತ್ತಾನೆ. ಹಾಡು ನಿಲ್ಲುವುದೋ ಇಲ್ಲವೋ, ಬ್ಯಾಂಕಿನ ಖಾತೆ ಮಾತ್ರ ಬರಿದಾಗುವುದು. 2023ರ ಅಕ್ಟೋಬರಿನಲ್ಲಿ ಸಿ.ಬಿ.ಐ. ‘ಆಪರೇಷನ್ ಚಕ್ರ–2’ ಎಂಬ ಹೆಸರಿನಲ್ಲಿ ದೇಶದ 76 ಸ್ಥಳಗಳನ್ನು ಶೋಧಿಸಿದಾಗ, ದೊಡ್ಡ ಕಂಪನಿಗಳ ಹೆಸರು ಹೇಳಿ ವಿದೇಶೀಯರನ್ನು ಸುಲಿಯುತ್ತಿದ್ದ ಇಂತಹ ಕಾಲ್ ಸೆಂಟರುಗಳೂ ಅದರಲ್ಲಿ ಸೇರಿದ್ದುವು. ಪರದೇಶದವರನ್ನು ಸುಲಿದವರಿಗೆ ಪೀತಮ್‌ಪುರ ದೂರವೆ? ಹಣ ಹೋದುದು ತಿಳಿದೊಡನೆ, ನಾಚಿಕೆಯನ್ನು ಬದಿಗಿಟ್ಟು, 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈಗೆ ಸಿಕ್ಕುವ ಆಸೆ ಕಡಿಮೆ.

ಇಷ್ಟನ್ನೂ ವೃದ್ಧರು ತಾವಾಗಿಯೇ ಕಲಿಯಲೆಂದು ಹೇಳುವುದು ನ್ಯಾಯವಲ್ಲ. ದುಡ್ಡು ಕೊಟ್ಟು ಕೊಂಡ ಯಂತ್ರವು ಒಡೆಯನ ಅಪ್ಪಣೆಯಿಲ್ಲದೆ ಬಾಯಿ ತೆರೆಯುವಂತೆ ರಚಿಸಿದವರ ಮೇಲೆ ನಮ್ಮ ಆಕ್ಷೇಪವಿದ್ದೇ ಇದೆ. ಆದರೆ ನಮ್ಮವರ ಮೇಲೂ ಒಂದಿಷ್ಟು ಇದೆ. ಗುರುಗ್ರಾಮ, ನೊಯಿಡಾಗಳ ಗಣಕ ಕಂಪನಿಗಳಲ್ಲಿ ದುಡಿಯುವ ಕನ್ನಡದ ತರುಣರು ಅನೇಕರಿದ್ದಾರೆ. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಅವರಿಂದ ಚಂದಾ ಎತ್ತುವುದನ್ನು ಮರೆಯುವುದಿಲ್ಲ. ತಿಂಗಳಿಗೆ ಎರಡು ಗಂಟೆಯ ಕಾಲವನ್ನು ಕೇಳಿದುದುಂಟೆ? ರಾಮಕೃಷ್ಣಪುರದ ಕರ್ನಾಟಕ ಸಂಘದ ಭವನವು ನಗರದ ಇನ್ನೊಂದು ಮೂಲೆಯಲ್ಲಿದೆ. ಮೊಣಕಾಲು ನೋವಿನವರು ಲ್ಯಾಪ್‌ಟಾಪು ಹೊತ್ತು ಅಲ್ಲಿಗೆ ಹೋಗಲಾರರು. ಕಲಿಸುವವರೇ ಬಡಾವಣೆಗೆ ಬರಬೇಕು, ಕನ್ನಡದಲ್ಲಿಯೇ ಹೇಳಿಕೊಡಬೇಕು. ವಿಂಡೋಸ್‌ನ ಸೂಚನೆಗಳನ್ನು ಕನ್ನಡದಲ್ಲಿ ಕಾಣಿಸುವಂತೆ ಮಾಡಲು ಸಾಧ್ಯವಿದೆ. ಮೊದಲ ದಿನ ಅದೊಂದನ್ನೇ ಮಾಡಿಕೊಟ್ಟರೂ ಸಾಕು.

ಪೀತಮ್‌ಪುರದಲ್ಲಿ ಒಂದು ಭಾನುವಾರ ಮುಂಜಾನೆ ಸ್ಥಳ ಒದಗಿಸಬಲ್ಲವರೂ, ಕಲಿಸಬಲ್ಲ ತರುಣರೂ ನಮ್ಮ ಕಚೇರಿಗೆ ಬರೆಯಬೇಕಾಗಿ ಪ್ರಾರ್ಥನೆ. ಕಾಫಿಯ ಏರ್ಪಾಡು ನಮ್ಮದು. ಬರುವ ಹಿರಿಯರು ಯಂತ್ರದೊಡನೆ ಅದರ ಚಾರ್ಜರನ್ನೂ ತರತಕ್ಕದ್ದು.